ಮಠದ ಕೇರಿಗೆ ಬಂದ ಮುದುಕರು

ಉದ್ಯಾವರ ಹೊಳೆಯ ದಂಡೆಯಲ್ಲಿದ್ದ ನಮ್ಮ ಕೇರಿಗೆ ಮಠದ ಕೇರಿ ಎಂದೇ ಹೆಸರು. ಕ್ರೈಸ್ತ ಸನ್ಯಾಸಿಗಳು ಮಠ ಬಿಟ್ಟುಹೋದ ಮೇಲೆ ಅದರ ಕೋಣೆಗಳಲ್ಲಿ ನಮ್ಮಂಥ ಬಾಡಿಗೆಯ ಸಂಸಾರಗಳು ಸೇರಿಕೊಂಡಿದ್ದವು. ಪ್ರಾರ್ಥನೆಯ ಹಾಲ್‌ನಲ್ಲಿ ಅಪ್ಪ ವ್ಯಾಪಾರದ ಒಣಮೀನಿನ ಗೋಣಿಗಳನ್ನು ಒಟ್ಟುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ಒಂದು ಮಧ್ಯಾಹ್ನ, ಬಿಳಿ ನಿಲುವಂಗಿಯ ಮುದುಕರೊಬ್ಬರು ನಮ್ಮ ಬಾಗಿಲಿಗೆ ಬಂದರು. ಯೌವನದಲ್ಲಿ ಈ ಕೋಣೆಯಲ್ಲೇ ಇದ್ದೆ, ಒಮ್ಮೆ ಒಳಗೆ ನೋಡಬಹುದೇ ಎಂದು ಕೇಳಿದರು. ಅಪ್ಪ ಹೊಸ್ತಿಲಿಗೆ ಅಡ್ಡ ನಿಂತರು.

"ಎಂತ ನೋಡ್ಲಿಕ್ಕುಂಟು? ನಮ್ಮನ್ನು ಎಬ್ಬಿಸ್ಲಿಕ್ಕೆ ಬಂದದ್ದಾ?"

"ಇಲ್ಲ ಮಾರಾಯ್ರೇ, ಕೋಣೆ ನಿಮ್ಮದೇ" ಎಂದರು ಅವರು ಮೆಲ್ಲಗೆ.

ಅಪ್ಪ ಸರಿಯಲಿಲ್ಲ. ಮುದುಕರು ಅಂಗಳ ದಾಟಿ ಹಾಲ್‌ಗೆ ಹೋಗಿ, ಗೋಣಿಗಳ ನಡುವೆಯೇ ಮೊಣಕಾಲೂರಿದರು. ಹಿಂದೆಯೇ ಹೋಗಿದ್ದ ನನ್ನ ಮೂಗಿಗೆ ಒಣಮೀನಿನ ನಾತ ಅಂದೇ ಮೊದಲು ಬಡಿದದ್ದು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಮ್ಮ ಚಾಪೆ ಹಿಡಿದು ಓಡಿ ಬರುವಷ್ಟರಲ್ಲಿ ಅವರು ಎದ್ದು, ಅಂಗಿಗೆ ಅಂಟಿದ ಮೀನಿನ ಹುಡಿ ಕೊಡವುತ್ತಿದ್ದರು. ಅಮ್ಮನ ತಲೆಯ ಮೇಲೆ ಕೈಯಿಟ್ಟು ಹೊರಟುಹೋದರು.

ಮರುದಿನ ಯಾರೂ ಹೇಳದೆಯೇ ಅಪ್ಪ ಗೋಣಿಗಳನ್ನೆಲ್ಲ ಹೊರಗೆ ಸಾಗಿಸಿ, ಹಾಲ್ ತೊಳೆದರು.

"ಅವರು ಇನ್ನೊಮ್ಮೆ ಬಂದಾರಾ?" ಎಂದು ಅಮ್ಮನನ್ನು ಕೇಳಿದರು.

ಅವರು ಮತ್ತೆ ಬರಲಿಲ್ಲ.