ಆಟ ಎಲ್ಲಿದೆ, ಯಜಮಾನ್ರೇ?

ನನ್ನ ಮಾವ ಯಾವ ಕುರ್ಚಿಯಲ್ಲಾದರೂ ಕೂರುವ ಮೊದಲು ಅದನ್ನೊಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಬಾಗಿಲ ಚಿಲಕ, ಕುಕ್ಕರಿನ ಹಿಡಿ, ನನ್ನ ಮಗಳ ತೊಟ್ಟಿಲ ಕೊಂಡಿ, ಏನೇ ಇರಲಿ, ಕೈ ತಾಗಿದರೆ ಸಾಕು: "ಇದರಲ್ಲಿ ಆಟ ಇದೆ ಕಣಮ್ಮ." ಬಿಗಿಯಾಗಿರಬೇಕಾದ ಎರಡು ಭಾಗಗಳ ನಡುವೆ ಸೇರಿಕೊಂಡ ಸಡಿಲಕ್ಕೆ ಡ್ರೈವರುಗಳು ಆಟ ಎನ್ನುತ್ತಾರೆ. ಮಾವ ಹತ್ತೊಂಬತ್ತು ವರ್ಷ ಒಂದು ಫರ್ನಿಚರ್ ಅಂಗಡಿಯ ಪಿಕಪ್ ಓಡಿಸಿದವರು. ಬೀರು, ಮಂಚ, ಆಳೆತ್ತರದ ಕನ್ನಡಿ ಎಲ್ಲ ಸಾಗಿಸಿದರು. ಒಂದು ಕನ್ನಡಿಯೂ ಒಡೆಯಲಿಲ್ಲ.

ಹೋದ ವರ್ಷ ಆ ಮುದಿ ಗಾಡಿ ನೇರ ರಸ್ತೆಯಲ್ಲೂ ಅತ್ತಿತ್ತ ಅಲೆಯತೊಡಗಿತು. "ಸ್ಟೇರಿಂಗ್ ನಿನ್ನ ಗಂಡನ ಥರ ಆಗಿದೆ, ಕರೆದು ಸ್ವಲ್ಪ ಹೊತ್ತಾದ ಮೇಲೆ ಏಳ್ತದೆ" ಎಂದು ಮಾವ ನಕ್ಕಿದ್ದರು. ಅಂಗಡಿಯ ಯಜಮಾನನಿಗೆ ಮೂರು ಸಲ ಹೇಳಿದರು. ಮೂರನೆಯ ಸಲ ಅವನೆಂದ: "ಆಟ ಗಾಡೀಲಿಲ್ಲ, ನಿನ್ನ ಕೈಯಲ್ಲಿದೆ."

ವಾರ ಕಳೆಯಲಿಲ್ಲ, ಪಿಕಪ್ ಗೋದಾಮಿನ ಗೇಟಿನ ಕಂಬಕ್ಕೆ ಗುದ್ದಿತು. ಹಮಾಲರು, ಪಕ್ಕದ ಬಣ್ಣದ ಅಂಗಡಿಯವರು, ಎಲ್ಲರೂ ಅಂಗಳದಲ್ಲಿ ಸೇರಿದ್ದರು. ಅವರೆದುರೇ ಯಜಮಾನ ಅಂದ: "ಕೈ ನಡುಗೋ ಮುದುಕನಿಗೆ ಗಾಡಿ ಕೊಟ್ಟಿದ್ದು ನನ್ನ ತಪ್ಪು. ಕೀ ಇಟ್ಟು ಹೊರಡು."

ಆ ಮಾತಿಗೆ ಕಾಲು ಬಂತು. ಮಾವ ಎಲ್ಲಿ ಕೆಲಸ ಕೇಳಿದರೂ ಅದು ಮೊದಲೇ ಹೋಗಿ ಕೂತಿರುತ್ತಿತ್ತು. ನಮ್ಮ ಮನೆಯ ಮೆಟ್ಟಿಲನ್ನೂ ಹತ್ತಿತು. ಒಂದು ದಿನ ಅವರು ಮಗುವನ್ನೆತ್ತಿಕೊಂಡು ಕೆಳಗಿಳಿಯುತ್ತಿದ್ದಾಗ, "ಕೊಡಿ ಮಾವ, ನಾನೇ ಇಳಿಸ್ತೀನಿ" ಎಂದುಬಿಟ್ಟೆ. ಕೊಟ್ಟರು. ಆ ಯಜಮಾನನ ಮೇಲೆ ನನಗೆ ನಿಜವಾದ ಹಗೆ ಹುಟ್ಟಿದ್ದು ಅವತ್ತು. ಅವನ ಮಾತು ನನ್ನ ಬಾಯಲ್ಲಿ ಬಂದಿತ್ತು.

ಎಂಟು ತಿಂಗಳಲ್ಲಿ ಮೂವರು ಡ್ರೈವರುಗಳು ಪಿಕಪ್ಪಿಗೆ ಕೈಮುಗಿದು ಹೋದರು. ಟೈರು ಹೊಸದಾಯಿತು, ಅಲೈನ್‌ಮೆಂಟ್ ಆಯಿತು, ಚಕ್ರಗಳನ್ನು ತಿರುಗಿಸುವ ಸರಳುಗಳೂ ಬದಲಾದವು. ಅಲೆತ ಮಾತ್ರ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಯಜಮಾನ ನಮ್ಮ ಬಾಗಿಲಿಗೇ ಬಂದ. ಮಗುವಿಗೆ ತುತ್ತಿಡುತ್ತಿದ್ದ ನಾನು ಅವನಿಗೆ ಕೂರಿ ಎನ್ನಲಿಲ್ಲ.

"ಆ ಗಾಡಿ ನಿನಗಿಂತ ಚೆನ್ನಾಗಿ ಗೊತ್ತಿರೋರು ಯಾರಿದ್ದಾರಪ್ಪ? ಒಂದ್ಸಲ ಬಂದು ನೋಡು."

"ಬರ್ತೀನಿ," ಎಂದರು ಮಾವ. "ಅದೇ ಅಂಗಳ. ಅವತ್ತು ಇದ್ದೋರೆಲ್ಲ ಇರ್ಬೇಕು. ಸ್ಟೇರಿಂಗ್ ನಾನು ಹಿಡೀತೀನಿ, ಗಾಡಿ ಕೆಳಗೆ ಮಲಗೋದು ನೀವು."

"ನಾನ್ಯಾಕೆ? ಮೆಕ್ಯಾನಿಕ್ ಇದ್ದಾನಲ್ಲ!"

"ಅವನು ನನಗೇನೂ ಅಂದಿರ್ಲಿಲ್ಲ."

ಮಗುವನ್ನು ಸೊಂಟಕ್ಕೇರಿಸಿಕೊಂಡು ನಾನೂ ಹೋದೆ. ಅದನ್ನು ನೋಡದೆ ಬಿಡುವವಳಲ್ಲ ನಾನು. ಮೆಕ್ಯಾನಿಕ್ ಜಾಕ್ ಹಿಡಿದು ಬಂದ. ಮಾವ ಕೈ ಅಡ್ಡ ಹಿಡಿದರು. "ಎತ್ತಬೇಡ. ಎತ್ತಿ ಎತ್ತಿ ನೋಡಿಯೇ ನೀವು ಕೆಟ್ಟಿದ್ದು. ಮೇಲೆ ಭಾರ ಇಲ್ಲದಾಗ ಎಲ್ರೂ ಸಾಧುಗಳೇ. ಚಕ್ರ ನೆಲದ ಮೇಲಿರ್ಲಿ."

ಇಂಜಿನ್ ಆಫ್ ಮಾಡಿ ಚಕ್ರಗಳಿಗೆ ಕಲ್ಲು ಕೊಟ್ಟರು. ಯಜಮಾನ ಗೋಣಿ ಹಾಸಿಕೊಂಡು, ಬಿಳಿ ಅಂಗಿಯಲ್ಲೇ ತೆವಳಿ ಒಳಗೆ ಸೇರಿದ. ಮಾವ ಸೀಟಿನಲ್ಲಿ ಕೂತರು.

"ಸ್ಟೇರಿಂಗ್ ಡಬ್ಬಿಯನ್ನ ಚಾಸಿಗೆ ಬೋಲ್ಟ್ ಹಾಕಿರೋ ಜಾಗ ಕಾಣ್ತಾ? ಅಲ್ಲಿ ಗ್ರೀಸು ಒರೆಸಿ."

"ಬಟ್ಟೆ ಇಲ್ಲ."

"ಅಂಗಿ ಇದೆಯಲ್ಲ."

ಒಬ್ಬ ಹಮಾಲ ಕೆಮ್ಮಿದ. ನಗುವಿಗೆ ಅವನು ಹಾಕಿದ ಮುಚ್ಚಳ ಅದು. ಮಾವ ಸ್ಟೇರಿಂಗನ್ನು ನಾಲ್ಕು ಬೆರಳಷ್ಟು ಎಡಕ್ಕೆ, ನಾಲ್ಕು ಬೆರಳಷ್ಟು ಬಲಕ್ಕೆ ಆಡಿಸಿದರು. ಚಕ್ರ ಕದಲಲಿಲ್ಲ.

"ಅಯ್ಯಯ್ಯೋ, ಇದು ಬಾಯಿ ಬಿಡ್ತಾ ಇದೆ! ಚಾಸಿಯೇ ಸೀಳಿದೆ!"

ಚಕ್ರದ ಮೇಲೆ ಭಾರವಿದ್ದಾಗ ಸ್ಟೇರಿಂಗ್ ತಿರುಗಿಸಿದರೆ, ಚಕ್ರದ ಬದಲು ಡಬ್ಬಿಯೇ ಗಾಡಿಯ ಅಡಿಚೌಕಟ್ಟಿನ ಆ ಬಿರುಕಿನಲ್ಲಿ ಅಲುಗುತ್ತಿತ್ತು. ಗಾಡಿಯನ್ನು ಎತ್ತಿದರೆ ಚಕ್ರ ಹಗುರಾಗಿ ತಿರುಗಿ, ಬಿರುಕು ತುಟಿ ಮುಚ್ಚಿಕೊಂಡು ಕೂರುತ್ತಿತ್ತು.

"ಆಟ ಎಲ್ಲಿದೆ, ಯಜಮಾನ್ರೇ?"

"ಗಾಡೀಲಿ."

"ಕೇಳಿಸ್ಲಿಲ್ಲ."

"ಗಾಡೀಲಿದೆ ಅಂದ್ನಲ್ಲ!"

"ನನ್ನ ಕೈಯಲ್ಲಿ?"

ಮಾವ ಸ್ಟೇರಿಂಗನ್ನು ಇನ್ನೊಮ್ಮೆ ಆಡಿಸಿದರು, ನಿಧಾನವಾಗಿ. ಗ್ರೀಸಿನ ಮುದ್ದೆಯೊಂದು ಬಿದ್ದ ಸದ್ದು.

"ಇಲ್ಲಪ್ಪ. ನಿನ್ನ ಕೈಯಲ್ಲಿ ಇಲ್ಲ."

"ವಯಸ್ಸಾಯ್ತು ನೋಡಿ, ಕಿವಿ ಮಂದ."

"ನಮಗೂ ಕೇಳಿಸ್ಲಿಲ್ಲ," ಎಂದ ಮೊದಲು ಕೆಮ್ಮಿದ್ದ ಹಮಾಲ.

ಈ ಸಲ ಯಜಮಾನ ಕೂಗಿದ್ದು ಗೋದಾಮಿನ ತಗಡಿಗೆ ಬಡಿದು ಬಂತು. ನನಗೆ ಪಾಪ ಎನ್ನಿಸಲಿಲ್ಲ. ಮಗಳು ಚಪ್ಪಾಳೆ ತಟ್ಟಿದಳು, ನಾನು ತಡೆಯಲಿಲ್ಲ.

ಹೊರಬಂದ ಯಜಮಾನನ ಎದೆಯ ಮೇಲೆ ಅಂಗೈಯಗಲ ಕರಿ. "ಆಯ್ತಲ್ಲ? ನಾಳೆಯಿಂದ ಬಾ."

"ವೆಲ್ಡ್ ಮಾಡಿಸಿ, ಮೇಲೆ ದಪ್ಪ ಪಟ್ಟಿ ಹಾಕಿಸಿ. ಅಲ್ಲೀವರೆಗೆ ಯಾರ ಕೈಗೂ ಕೊಡ್ಬೇಡಿ, ಜೀವ ಹೋಗ್ತದೆ," ಎಂದು ಮಾವ ಕೆಳಗಿಳಿದರು. "ನಾನು ತಪ್ಪು ತೋರ್ಸೋಕೆ ಬಂದಿದ್ದು, ಕೆಲಸ ಕೇಳೋಕಲ್ಲ."

ಈಗ ಅವರು ಬಣ್ಣದ ಅಂಗಡಿಯ ಗಾಡಿ ಓಡಿಸುತ್ತಾರೆ. ಅಂದೇ, ಅಂಗಳದಲ್ಲೇ, ಆ ಅಂಗಡಿಯವರು ಕೆಲಸಕ್ಕೆ ಬನ್ನಿ ಎಂದು ಬಾಯಿಬಿಟ್ಟು ಕೇಳಿದ್ದರು. ಇತ್ತ ಫರ್ನಿಚರ್ ಯಜಮಾನ "ಲೋಡ್ ಎತ್ರೋ" ಎಂದರೆ ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಕೇಳಿಸ್ಲಿಲ್ಲ" ಎನ್ನುತ್ತಾರೆ. ಹಾಲಿನ ಅಂಗಡಿಗೆ ಬೇರೆ ಹತ್ತಿರದ ದಾರಿಯಿದೆ. ನಾನು ಮಾತ್ರ ಗೋದಾಮಿನ ಮುಂದಿನಿಂದಲೇ ಸುತ್ತಿ ಬರುತ್ತೇನೆ. ಮಾವ ಸಂಜೆ ಕೈಕಾಲು ತೊಳೆದು, ಏನೂ ಗೊತ್ತಿಲ್ಲದವರಂತೆ ಕೇಳುತ್ತಾರೆ:

"ಇವತ್ತೂ ಅಂದ್ರಾ?"

"ಎರಡು ಸಲ ಅಂದ್ರು ಮಾವ."

"ಎರಡೇನಾ?" ಎನ್ನುತ್ತಾರೆ.