ಮಗ್ಗುಲಿಗೆ ಹೊರಳಿಸುವುದನ್ನು ಕಲಿತದ್ದು

ಚಳ್ಳಕೆರೆಯಲ್ಲಿ ಮಕ್ಕಳ ಆರೋಗ್ಯದ ಬಗ್ಗೆ ಎರಡು ದಿನದ ತರಬೇತಿ ಮುಗಿಸಿ ಬಂದ ಮರುವಾರವೇ ನನ್ನ ಐದನೇ ತರಗತಿಯ ಹುಡುಗಿಯೊಬ್ಬಳು ಬೆಂಚಿನಿಂದ ಕೆಳಗೆ ಬಿದ್ದಳು. ರಾಂಪುರದ ಕಡೆಯ ಸಣ್ಣ ಶಾಲೆ ನಮ್ಮದು. ಅಂದು ಮುಖ್ಯೋಪಾಧ್ಯಾಯರೂ ಇರಲಿಲ್ಲ. ಹುಡುಗಿಯ ಕೈಕಾಲು ಸೆಟೆದು ನೆಲಕ್ಕೆ ಬಡಿಯುತ್ತಿದ್ದವು. ಬಾಯಲ್ಲಿ ನೊರೆ.

ಮೂರ್ಛೆ ಬಂದಾಗ ಏನು ಮಾಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು, ಪರದೆಯ ಮೇಲೆ ಚಿತ್ರವನ್ನೂ ತೋರಿಸಿದ್ದರು. ಊಟವಾದ ಮೇಲಿನ ಹೊತ್ತು, ನಾನು ತೂಕಡಿಸುತ್ತಿದ್ದೆ. ಕೊನೆಗೆ ಕೊಟ್ಟ ಹಾಳೆಯಲ್ಲಿ ‘ಉಪಯುಕ್ತವಾಗಿತ್ತು’ ಎಂದು ಬರೆದು ಬಂದಿದ್ದೆ. ಈಗ ಏನೂ ನೆನಪಾಗಲಿಲ್ಲ. ಜೇಬಿನಿಂದ ಬೀಗದ ಕೈಗೊಂಚಲು ತೆಗೆದು ಅವಳ ಅಂಗೈಗೆ ತುರುಕಲು ಹೋದೆ.

ಗದ್ದಲ ಕೇಳಿ ಬಿಸಿಯೂಟದ ಅಡುಗೆಯಾಕೆ ಓಡಿ ಬಂದರು.

“ಅದು ಬ್ಯಾಡ್ರಿ ಮೇಷ್ಟ್ರೇ. ಕೈ ಅದುಮಬ್ಯಾಡ್ರಿ. ಟೈಮ್ ನೋಡ್ತಿರ್ರಿ.”

ಬೆಂಚು ಸರಿಸಿ, ಟವೆಲ್ ಮಡಚಿ ತಲೆಯಡಿ ಇಟ್ಟರು. ಸೆಳೆತ ಇಳಿದದ್ದೇ ಹುಡುಗಿಯನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದರು.

“ನನ್ನ ಮಗಳಿಗೂ ಐತೆ. ಡಾಕ್ಟ್ರು ಹೇಳಿಕೊಟ್ಟವ್ರೆ” ಎಂದರು.

ಹುಡುಗಿಯ ಅವ್ವನನ್ನು ಕರೆಸಿ, ಆಟೋದಲ್ಲಿ ಮೊಳಕಾಲ್ಮೂರಿನ ಆಸ್ಪತ್ರೆಗೆ ಕಳಿಸಿದ್ದೂ ಆಕೆಯೇ. ನಾನು ಉಳಿದ ಮಕ್ಕಳಿಗೆ ಭಾಗಾಕಾರ ಮುಂದುವರಿಸಿದೆ. ಭಯವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಸಂಜೆ ಮನೆಗೆ ಹೋಗಿ ಉಂಡೆ. ಸಾರಿಗೆ ಉಪ್ಪಿಲ್ಲವೆಂದು ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು. ಎಷ್ಟೋ ತಿಂಗಳು ಹಾಗೆಯೇ ಇದ್ದೆ.

ತರಗತಿಯಲ್ಲೇ ಮೂರ್ಛೆ ಕಂಡವನೆಂದು ಮುಂದಿನ ವರ್ಷದ ತರಬೇತಿಗೆ ನನ್ನನ್ನೇ ಪಾಠ ಹೇಳಲು ಕರೆದರು. ನಮ್ಮ ಅಡುಗೆಯಾಕೆ ಬಂದರೆ ಬರುತ್ತೇನೆ ಎಂದೆ.

“ಅಡುಗೆಯವರು ಯಾಕ್ರಿ?” ಎಂದರು ಅಧಿಕಾರಿ.

“ಅವ್ರಿಗೆ ಗೊತ್ತೈತೆ ಸಾರ್. ನಮಗೆ ಗೊತ್ತಿಲ್ಲ.”

ಅವರು ಒಪ್ಪಿದರು.

ಚಳ್ಳಕೆರೆಯ ಅದೇ ತರಬೇತಿ ಹಾಲ್‌ನಲ್ಲಿ ಜಮಖಾನದ ಮೇಲೆ ನಾನು ಮಲಗಿದೆ. ಶಿಕ್ಷಕರು ಒಬ್ಬೊಬ್ಬರಾಗಿ ಬಂದು ನನ್ನನ್ನು ಹೊರಳಿಸಬೇಕು. ಮೊದಮೊದಲು ನಕ್ಕರು. “ಹಂಗೆ ಜಗ್ಗಬ್ಯಾಡ್ರಿ, ಮೊದ್ಲು ಮೊಣಕಾಲು ಮಡಚ್ರಿ” ಎಂದು ಆಕೆ ತಿದ್ದುತ್ತಿದ್ದರು. ಯಾರ್ಯಾರದೋ ಕೈಗಳು ನನ್ನನ್ನು ಮುಟ್ಟಿ ಹೋಗುತ್ತಿದ್ದವು. ನಾನು ಮೂಟೆಯಂತೆ ಬಿದ್ದಿದ್ದೆ.

ನಿವೃತ್ತಿಗೆ ಹತ್ತಿರವಾಗಿದ್ದ ಮೇಷ್ಟರೊಬ್ಬರು ನನ್ನನ್ನು ಹೊರಳಿಸಿದವರು ಎದ್ದು ಹೋಗಲಿಲ್ಲ. ನನ್ನ ಬೆನ್ನ ಹಿಂದೆಯೇ ಕೂತು, “ನಾನು ಒಂದು ಮಗೂಗೆ ಹಿಂಗಾದಾಗ ಬಾಯಿಗೆ ನೀರು ಹಾಕಿದ್ದೆ” ಎಂದರು. ಆ ಮಗು ಏನಾಯಿತೆಂದು ಯಾರೂ ಕೇಳಲಿಲ್ಲ. ನಗು ನಿಂತಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನಾನು ತಿರುಗಿ ನೋಡಲಿಲ್ಲ. ಆಮೇಲೆ ಬಂದವರೆಲ್ಲ ಎರಡೆರಡು ಸಲ ಮಾಡಿ ಕಲಿತರು.

ಕೆಲವು ತಿಂಗಳಾದ ಮೇಲೆ ಕೊಂಡ್ಲಹಳ್ಳಿ ಕಡೆಯ ಶಿಕ್ಷಕಿಯೊಬ್ಬರು ಫೋನ್ ಮಾಡಿದ್ದರು. ಅವರ ತರಗತಿಯಲ್ಲಿ ಒಂದು ಮಗುವಿಗೆ ಫಿಟ್ಸ್ ಬಂದಿತ್ತಂತೆ. “ಕೈ ತಾನಾಗೇ ಮಾಡ್ತು ಸಾರ್” ಎಂದರು. ಒಳ್ಳೇದಾಯ್ತು ಎಂದೆ.

ನಮ್ಮ ಹುಡುಗಿ ಈಗ ಏಳನೇ ತರಗತಿ. ದಿನಾ ಮಾತ್ರೆ ತಗೊಳ್ಳುತ್ತಾಳೆ. ತಟ್ಟೆಗೆ ಅನ್ನ ಬಡಿಸುವಾಗ ಅಡುಗೆಯಾಕೆ, “ಮಾತ್ರೆ ನುಂಗಿದ್ಯಾ?” ಎಂದು ಕೇಳುತ್ತಾರೆ. ಅವರು ರಜೆ ಹಾಕಿದ ದಿನ ನಾನು ಕೇಳುತ್ತೇನೆ.