ನಾಲ್ಕು ಸಾವಿರದ ನೂರಾ ಇಪ್ಪತ್ತು ಕುರಿ

ಸೇತುವೆಯ ಈಚೆ ದಡದ ಚೆಕ್‌ಪೋಸ್ಟಿನಲ್ಲಿ ಮೂವತ್ತೊಂದು ವರ್ಷ ಕುರಿ ಎಣಿಸಿದ ಹೆಂಗಸನ್ನು ಜನ ಲೆಕ್ಕದಮ್ಮ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ಎಣಿಸುವ ಚಟ ಆಕೆಗೆ ಎಷ್ಟಿತ್ತೆಂದರೆ, ರಾತ್ರಿ ನಿದ್ದೆಯಲ್ಲಿ ತಾನು ಎಷ್ಟು ಸಲ ಮಗ್ಗುಲು ಬದಲಿಸಿದೆ ಎಂಬುದು ಬೆಳಿಗ್ಗೆ ಬಾಯಿಪಾಠವಿರುತ್ತಿತ್ತಂತೆ. ಗಂಡ ಸೀನಿದರೆ ಅದು ಆ ವಾರದ ಎಷ್ಟನೆಯ ಸೀನು ಎಂದು ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಳು. ಒಮ್ಮೆ ಮೋಡದಂತೆ ನೊಣದ ಹಿಂಡೊಂದು ಗೇಟು ದಾಟಿ ಆಚೆ ದೇಶಕ್ಕೆ ಹೋದಾಗ ಅದನ್ನೂ ಎಣಿಸಿ, ವಾಪಸ್ ಬಂದ ಎರಡು ನೊಣವನ್ನು ಕಳೆದು, ರಿಜಿಸ್ಟರಿನ ಅಂಚಿನಲ್ಲಿ ಬರೆದಿಟ್ಟಳೆಂದು ಲಾರಿ ಡ್ರೈವರುಗಳು ಪ್ರಮಾಣ ಮಾಡಿ ಹೇಳುತ್ತಿದ್ದರು. ಡ್ರೈವರುಗಳ ಮಾತು ಪೂರ್ತಿ ನಂಬಬೇಕಾಗಿಲ್ಲ. ವಾಪಸ್ ಬಂದದ್ದು ಒಂದೇ ನೊಣ ಇರಬಹುದು.

ಆಕೆಯ ಕೆಲಸದ ರೀತಿ ಸರಳವಾಗಿತ್ತು. ಲಾರಿಯಿಂದಿಳಿದ ಕುರಿಗಳು ಒಂದು ಕುರಿಯಷ್ಟೇ ಅಗಲದ ಗೇಟಿನಲ್ಲಿ ಸಾಲಾಗಿ ನುಗ್ಗಿ ಸೇತುವೆ ಹತ್ತಬೇಕು. ಇಪ್ಪತ್ತು ದಾಟಿದ ಕೂಡಲೇ ಖಾಕಿ ಕೋಟಿನ ಬಲ ಜೇಬಿನಿಂದ ಒಂದು ಬೆಣಚುಕಲ್ಲು ಎಡ ಜೇಬಿಗೆ ಬೀಳುತ್ತಿತ್ತು. ಕೊನೆಗೆ ಕಲ್ಲು ಎಣಿಸಿ, ಮಿಕ್ಕಿದ್ದನ್ನು ಕೂಡಿಸಿ ಬರೆದರೆ ಮುಗಿಯಿತು. ಇಲಾಖೆಯವರು ಒತ್ತಿದರೆ ಟಿಕ್ ಎನ್ನುವ ಒಂದು ಯಂತ್ರ ಕೊಟ್ಟಿದ್ದರು. ಅದು ಕುರಿ ಕೆಮ್ಮಿದರೂ ಟಿಕ್ ಎನ್ನುತ್ತಿತ್ತು. ಆಕೆ ಅದನ್ನು ಕಾಗದ ಹಾರದಂತೆ ಇಡಲು ಬಳಸುತ್ತಿದ್ದಳು.

ಹೀಗೆ ಬರೆದ ಸಂಖ್ಯೆ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನೂ ಹೇಳಬೇಕು. ತಿಂಗಳಿಗೊಮ್ಮೆ ರಾಜಧಾನಿಗೆ, ಅಲ್ಲಿನ ಅಂಕಿಅಂಶ ಇಲಾಖೆಯಿಂದ ವರ್ಷಕ್ಕೊಮ್ಮೆ ಕಡಲಾಚೆ ಎಲ್ಲೋ ಇರುವ ದೇಶದೇಶಗಳ ಅಂಕಿಅಂಶ ಸಂಸ್ಥೆಗೆ. ಇಪ್ಪತ್ತೊಂಬತ್ತು ದೇಶಗಳು ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ಎಲ್ಲರೂ ಒಂದೇ ನಮೂನೆಯ ಫಾರಂ ತುಂಬಬೇಕು, ಒಂದೇ ಪಟ್ಟಿಯ ಕೋಡ್ ಬಳಸಬೇಕು. ಕುರಿ ಯಾವ ದೇಶದಲ್ಲಿ ನಿಂತು ಬ್ಯಾ ಎಂದರೂ ಅದಕ್ಕೆ ಅದೇ ಆರು ಅಂಕಿ. ಆಮೇಲೆ ಸಂಸ್ಥೆಯವರು ನೆರೆಹೊರೆಯ ಎರಡು ದೇಶಗಳ ಫಾರಂ ಪಕ್ಕಪಕ್ಕ ಇಟ್ಟು, ಇವರು ಕಳಿಸಿದೆವು ಎಂದದ್ದೂ ಅವರು ಬಂತು ಎಂದದ್ದೂ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ಚೂರುಪಾರು ವ್ಯತ್ಯಾಸವಿದ್ದರೆ ಕಣ್ಣು ಮುಚ್ಚುತ್ತಾರೆ. ಜಾಸ್ತಿಯಿದ್ದರೆ ಕಾಗದ ಬರುತ್ತದೆ.

ಲೆಕ್ಕದಮ್ಮನ ನಿವೃತ್ತಿಗೆ ಎಂಟು ತಿಂಗಳಿದೆ ಎನ್ನುವಾಗ ಅಂಥ ಕಾಗದ ಬಂತು. ಅದರ ಹಿಂದೆಯೇ ರಾಜಧಾನಿಯಿಂದ ಅಂಕಿಅಂಶದ ಅಧಿಕಾರಿ ಬಂದರು. ವಯಸ್ಸು ಆಕೆಯ ಮಗನಷ್ಟು, ಬೂಟಿನ ಹೊಳಪು ಮಾತ್ರ ಮಂತ್ರಿಯಷ್ಟು. ಗೇಟು ದಾಟಿ ಬರುವಷ್ಟರಲ್ಲಿ ಆ ಹೊಳಪನ್ನು ಕುರಿಗಳು ತಮ್ಮ ಪದ್ಧತಿಯಂತೆ ಮುಚ್ಚಿಬಿಟ್ಟಿದ್ದವು.

“ಅಮ್ಮ, ಹೋದ ವರ್ಷ ಈ ಸೇತುವೆ ಮೇಲೆ ಎಷ್ಟು ಕುರಿ ಹೋಗಿದೆ ಅಂತ ಬರೆದಿದೀರಿ?”

“ನಾಲ್ಕು ಸಾವಿರದ ನೂರಾ ಇಪ್ಪತ್ತು.”

“ಆಚೆ ದೇಶದವರು ಎಷ್ಟು ಬಂತು ಅಂತ ಬರೆದಿದಾರೆ ಗೊತ್ತಾ? ಐದು ಸಾವಿರದ ಒಂಬೈನೂರಾ ಎಂಬತ್ತೇಳು.”

“ಸೇತುವೆ ಎಷ್ಟು ಉದ್ದ ಇದೆ ಸಾರ್? ನೂರಾ ನಲವತ್ತು ಹೆಜ್ಜೆ. ಅಷ್ಟರಲ್ಲಿ ಸಾವಿರದ ಎಂಟುನೂರಾ ಅರವತ್ತೇಳು ಕುರಿ ಎಲ್ಲಿಂದ ಉದುರಿದ್ವಂತೆ?”

“ಅದನ್ನೇ ನಿಮ್ಮನ್ನ ಕೇಳೋಕೆ ಬಂದಿದೀನಿ.”

“ಆಕಾಶ ನೋಡಿ ಕೇಳಿ. ನಾನು ಗೇಟಲ್ಲಿ ನಿಂತಿದ್ದೆ.”

ಅಧಿಕಾರಿ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ತಿದ್ದುಪಡಿ ಫಾರಂ. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಕಾರಣ. ಕಾರಣದ ಎದುರು ‘ಎಣಿಕೆದಾರರ ತಪ್ಪು’ ಎಂದು ಆಗಲೇ ಟೈಪಾಗಿತ್ತು. ಸಂಸ್ಥೆಯ ನಿಯಮದ ಪ್ರಕಾರ, ಒಮ್ಮೆ ಕಳಿಸಿದ ಸಂಖ್ಯೆಯನ್ನು ಬದಲಾಯಿಸಬೇಕಾದರೆ ಮೊದಲು ಎಣಿಸಿದವರದೇ ಸಹಿ ಬೇಕು. ಅದಕ್ಕೇ ರಾಜಧಾನಿ ಬೂಟು ಹಾಕಿಕೊಂಡು ಇಷ್ಟು ದೂರ ಬಂದಿತ್ತು.

“ಮುಂದಿನ ತಿಂಗಳು ದೊಡ್ಡ ಸಭೆ ಇದೆ ಅಮ್ಮ. ಇಪ್ಪತ್ತೊಂಬತ್ತು ದೇಶದವರ ಮುಂದೆ ಪರದೆ ಮೇಲೆ ನಮ್ಮ ಸಂಖ್ಯೆ ಕೆಂಪು ಬಣ್ಣದಲ್ಲಿ ಬರತ್ತೆ. ನಮ್ಮ ಇಲಾಖೆ ನಿರ್ದೇಶಕರು ತಪ್ಪು ನಮ್ಮದೇ ಅಂತ ಆಗ್ಲೇ ಫೋನಲ್ಲಿ ಒಪ್ಕೊಂಡಿದಾರೆ. ಅವರ ಕಡೆ ಕಂಪ್ಯೂಟರ್ ಇದೆ, ನಮ್ಮ ಕಡೆ…”

“ನಮ್ಮ ಕಡೆ ನಾನಿದೀನಿ. ಹೇಳಿ, ನಾಚಿಕೆ ಯಾಕೆ?”

“ಹತ್ತು ದಿನ ಬಿಟ್ಟು ಬರ್ತೀನಿ. ಸಹಿ ಹಾಕದಿದ್ರೆ ಲೆಕ್ಕವಿಲ್ಲದೆ ಕುರಿ ದಾಟಿಸಿದೀರಿ ಅಂತ ವಿಚಾರಣೆ ಆಗತ್ತೆ. ಹೆದರಿಸ್ತಿಲ್ಲ, ಇರೋದನ್ನ ಹೇಳ್ತಿದೀನಿ.”

ಸಂಜೆ ಮನೆಯಲ್ಲಿ ಇದೇ ಮಾತು. ಗಂಡ ಗಡಿಯಾರ ರಿಪೇರಿಯವನು. ಜಗತ್ತಿನ ಯಾವ ತೊಂದರೆಯಾದರೂ ಒಂದು ಸಣ್ಣ ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ ಎಂದು ನಂಬಿದ್ದ ಮನುಷ್ಯ.

“ಒಂದು ಸಹಿ ತಾನೇ ಕಣೇ. ಹಾಕಿ ಬಿಸಾಕು. ಎಂಟು ತಿಂಗಳು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗತ್ತೆ.”

“ಯಾರೋ ನಿಮ್ಮ ಅಂಗಡಿಗೆ ಬಂದು, ಎದುರಂಗಡಿ ಗಡಿಯಾರ ಎರಡು ಗಂಟೆ ಮುಂದಿದೆ, ನಿಮ್ಮದನ್ನೂ ಮುಂದಕ್ಕೆ ತಿರುಗಿಸಿ ಅಂದ್ರೆ ತಿರುಗಿಸ್ತೀರಾ?”

ಮೂಲೆಯ ಮಂಚದಿಂದ ಅತ್ತೆಯ ದನಿ ಬಂತು. ಆಕೆಗೆ ಕಾಲು ಸೋತು ನಾಲ್ಕು ವರ್ಷವಾಗಿತ್ತು. ಕಾಲಿನ ಕಸುವೆಲ್ಲ ನಾಲಗೆಗೆ ವರ್ಗವಾಗಿತ್ತು.

“ನಿನ್ನ ಹೆಂಡತಿ ಮಾಡಿದ ಸಾರು ಬಾಯಿಗಿಡೋಕಾಗಲ್ಲ. ಮದುವೆಯಾದ ದಿನದಿಂದ ನನ್ನ ಒಂದು ಮಾತು ಕೇಳಿಲ್ಲ. ಎಲ್ಲಾ ನಿಜ. ಆದ್ರೆ ನಾನು ನುಂಗಿದ ಮಾತ್ರೆ ಎಷ್ಟು ಅಂತ ಡಾಕ್ಟರಿಗಿಂತ ಇವಳಿಗೇ ಚೆನ್ನಾಗಿ ಗೊತ್ತು. ಇವಳು ತಪ್ಪು ಎಣಿಸಿದಾಳೆ ಅನ್ನೋ ಗಂಡಸನ್ನ ಇಲ್ಲಿ ಕರ್ಕೊಂಡು ಬಾ, ಮುಖ ನೋಡ್ತೀನಿ.”

ಮೂವತ್ತು ವರ್ಷದಲ್ಲಿ ಅತ್ತೆ ಸೊಸೆಯನ್ನು ಹೊಗಳಿದ್ದು ಅದು ಎರಡನೇ ಸಲ. ಮೊದಲನೆಯದು ಯಾವ ದಿನ ಎಂಬುದೂ ಲೆಕ್ಕದಮ್ಮನಿಗೆ ಗೊತ್ತಿತ್ತು.

ಆದರೆ ಹಟ ಒಂದೇ ಸಾಕಾಗುವುದಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು. ಸಹಿ ಹಾಕಿದರೆ ಹೋಗುವುದು ಒಂದು ವರ್ಷದ ಸಂಖ್ಯೆಯಷ್ಟೇ ಆಗಿರಲಿಲ್ಲ. ಆ ವರ್ಷ ತಪ್ಪಿದವಳು ಹಿಂದಿನ ಮೂವತ್ತು ವರ್ಷ ಏನು ಕಡಿದಳು ಎಂದು ಯಾರಾದರೂ ಕೇಳುತ್ತಾರೆ. ಕೇಳದಿದ್ದರೆ ತಾನೇ ಕೇಳಿಕೊಳ್ಳುತ್ತಾಳೆ. ಮರುದಿನ ಚೆಕ್‌ಪೋಸ್ಟಿನಲ್ಲಿ ಕಾಗದದ ಜೊತೆ ಬಂದಿದ್ದ ಆಚೆ ದೇಶದ ತಿಂಗಳವಾರು ಪಟ್ಟಿಯನ್ನು ತನ್ನ ರಿಜಿಸ್ಟರಿನ ಪಕ್ಕ ಇಟ್ಟುಕೊಂಡು ಕೂತಳು. ಎಂಟು ತಿಂಗಳು ಎರಡೂ ಕಡೆಯ ಸಂಖ್ಯೆ ಹೆಚ್ಚುಕಡಿಮೆ ಅಣ್ಣತಮ್ಮಂದಿರಂತಿದ್ದವು. ಅವರದೇ ನಾಲ್ಕೈದು ಕಮ್ಮಿ. ನಾಲ್ಕು ತಿಂಗಳಲ್ಲಿ ಮಾತ್ರ ಅವರ ಸಂಖ್ಯೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಕಳ್ಳರು ವರ್ಷದಲ್ಲಿ ಎಂಟು ತಿಂಗಳು ಸತ್ಯವಂತರಾಗಿರುತ್ತಾರೆಯೇ? ಅದಕ್ಕೆ ಮೊದಲಿನ ವರ್ಷಗಳಲ್ಲಿ ಇಂಥ ತಕರಾರೇ ಇರಲಿಲ್ಲ. ಹಾಗಾದರೆ ಆಚೆ ದಡದಲ್ಲಿ ಏನೋ ಬದಲಾಗಿದೆ.

ಆಚೆ ದಡದಲ್ಲಿ ಎಣಿಸುವವನನ್ನು ಈಚೆಯವರು ಮೀಸೆ ಎನ್ನುತ್ತಿದ್ದರು. ಆ ಮೀಸೆಯ ಎರಡು ತುದಿಗಳಿಗೆ ಬೇರೆ ಬೇರೆ ಪಾಸ್‌ಪೋರ್ಟ್ ಬೇಕೆಂದು ತಮಾಷೆಯಿತ್ತು. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಬಂದಾಗ ಒಮ್ಮೆ, ಸಂಜೆ ಹೋಗುವಾಗ ಒಮ್ಮೆ ಇಬ್ಬರೂ ಕೈ ಬೀಸುತ್ತಿದ್ದರು. ಮಾತಾಡಿದ್ದಿಲ್ಲ. ಸೇತುವೆಯ ನಡುವೆ ಹಳದಿ ಗೆರೆಯೊಂದಿತ್ತು. ಅದನ್ನು ಕುರಿ ದಾಟಬಹುದು, ಗುಮಾಸ್ತರು ದಾಟುವಂತಿಲ್ಲ. ಆ ಮಧ್ಯಾಹ್ನ ಲಾರಿಗಳಿಲ್ಲದ ಹೊತ್ತಿನಲ್ಲಿ ಲೆಕ್ಕದಮ್ಮ ಎಪ್ಪತ್ತು ಹೆಜ್ಜೆ ನಡೆದು ಗೆರೆಗೆ ಕಾಲು ತಾಗದಂತೆ ನಿಂತು ಕೈ ಬೀಸಿದಳು. ಹೊತ್ತಲ್ಲದ ಹೊತ್ತಿನಲ್ಲಿ ಬೀಸಿದ ಕೈ ನೋಡಿ ಮೀಸೆ ಗಾಬರಿಯಾಗಿ ಓಡಿಬಂದ.

“ಏನಕ್ಕಾ, ಬೆಂಕಿ ಬಿತ್ತಾ?”

“ನಂಗೆ ಬಿದ್ದಿದೆ. ಐದು ಸಾವಿರದ ಒಂಬೈನೂರಾ ಎಂಬತ್ತೇಳು ಅಂತ ಬರೆದ ಕೈ ನಿಮ್ಮದೇನಾ?”

“ನಂದೇ. ಒಂದೊಂದಕ್ಕೂ ಬಟನ್ ಒತ್ತಿದೀನಿ.”

“ಎಲ್ಲಿ ನಿಂತು? ಸೇತುವೆ ಇಳಿಯೋ ಜಾಗದಲ್ಲಾ?”

“ಅದು ಮೊದಲು. ಹೋದ ವರ್ಷದಿಂದ ಹಾಗಿಲ್ಲ. ಕಾಲುಬಾಯಿ ಜ್ವರದ ಹೆದರಿಕೆ ಅಂತ ಬಂದ ಕುರೀನೆಲ್ಲಾ ಕ್ವಾರಂಟೈನ್ ದೊಡ್ಡಿಲಿ ಒಂದು ತಿಂಗಳು ಕೂಡ್ತಾರೆ. ಆ ತಗಡಿನ ಗೋಡೆ ಕಾಣ್ತಿದೆಯಲ್ಲ, ಅದರ ಹಿಂದೆ. ನಾನು ಎಣಿಸೋದು ದೊಡ್ಡಿಯಿಂದ ಬಿಟ್ಟಾಗ, ಬರೆಯೋದು ಮಾತ್ರ ಅವು ಸೇತುವೆ ದಾಟಿದ ತಿಂಗಳ ಲೆಕ್ಕಕ್ಕೆ.”

ಲೆಕ್ಕದಮ್ಮ ತನ್ನ ಗೇಟಿನ ಕಡೆ ತಿರುಗಿ ನೋಡಿದಳು. ಸಂಖ್ಯೆ ಉಬ್ಬಿದ ಆ ನಾಲ್ಕು ತಿಂಗಳು ಸಂತೆಯ ವ್ಯಾಪಾರಿಗಳು ಗಬ್ಬದ ಕುರಿಗಳನ್ನೇ ಹುಡುಕಿ ಆಚೆಗೆ ಮಾರುವ ಕಾಲ. ಗೇಟಿನಲ್ಲಿ ಅವುಗಳ ಹೊಟ್ಟೆ ಎರಡೂ ಕಡೆ ಕಂಬಕ್ಕೆ ಉಜ್ಜಿ ಉಜ್ಜಿ ಬಣ್ಣವೇ ಕಿತ್ತುಹೋಗಿತ್ತು.

“ದೊಡ್ಡಿಲಿ ಈಯ್ತಾವೆ ಅಲ್ವಾ?”

“ಈಯದೆ? ಗದ್ದಲದಲ್ಲಿ ನಿಲ್ಲೋಕಾಗಲ್ಲ. ಒಂದೊಂದು ಎರಡೆರಡು ಹಾಕ್ತಾವೆ.”

“ಮರಿಗೂ ಬಟನ್ ಒತ್ತಿದ್ರಾ?”

“ಗೇಟಿಂದ ನಾಲ್ಕು ಕಾಲಲ್ಲಿ ಹೊರಗೆ ಬಂದದ್ದಕ್ಕೆಲ್ಲಾ ಒತ್ತಬೇಕು ಅಂತ ಹೇಳಿದಾರೆ. ಮರಿ ಅಂತ ಬೇರೆ ಬಟನ್ ಇಲ್ಲಕ್ಕಾ.” ಹೇಳುತ್ತ ಹೇಳುತ್ತ ಮೀಸೆಯ ಮೀಸೆ ಇಳಿಯಿತು. “ಅಯ್ಯೋ. ಅಕ್ಕಾ, ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ. ಮನೇಲಿ ಮೂರು ಹೆಣ್ಣುಮಕ್ಕಳಿದಾರೆ.”

“ನೀವು ಯಾರು? ನಾನು ಯಾವ ಮೀಸೇನೂ ನೋಡಿಲ್ಲ. ಲಸಿಕೆ ಹಾಕೋ ಡಾಕ್ಟರು ಹುಟ್ಟಿದ್ದು, ಸತ್ತಿದ್ದು ಬರೆದಿಟ್ಟಿರ್ತಾರಾ?”

ಮೀಸೆ ಹೋಗಿ ನೋಡಿಕೊಂಡು ಬಂದು ಎರಡು ಸಂಖ್ಯೆ ಹೇಳಿದ. ಹುಟ್ಟಿದ್ದು ಸಾವಿರದ ಒಂಬೈನೂರಾ ನಲವತ್ತೊಂದು. ಸತ್ತದ್ದು, ದೊಡ್ಡದು ಚಿಕ್ಕದು ಸೇರಿ, ಎಪ್ಪತ್ತನಾಲ್ಕು. ಕೂಡಿಸಿ ಕಳೆಯಲು ಆಕೆಗೆ ಗೆರೆಯಿಂದ ಹಿಂದಿರುಗಿದ ಮೊದಲ ಹೆಜ್ಜೆಯೇ ಸಾಕಾಯಿತು. ಐದು ಸಾವಿರದ ಒಂಬೈನೂರಾ ಎಂಬತ್ತೇಳು. ಒಂದು ಬಾಲವೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಿಕ್ಕ ಅರವತ್ತೊಂಬತ್ತು ಹೆಜ್ಜೆಯನ್ನು ಆಕೆ ನೆಲಕ್ಕೆ ಕಾಲಿಡದೆ ಬಂದಳು ಎಂದರೂ ನಡೆಯುತ್ತದೆ.

ಹತ್ತನೆಯ ದಿನ ಅಧಿಕಾರಿ ಬಂದರು. ಈ ಸಲ ಹಳೆಯ ಚಪ್ಪಲಿ. ಮೇಜಿನ ಮೇಲೆ ತಿದ್ದುಪಡಿ ಫಾರಂ ಸಹಿಯಿಲ್ಲದೆ ಹಾಗೇ ಇತ್ತು. ಬೆನ್ನಿಗೆ ಗುಂಡುಸೂಜಿಯಿಂದ ಚುಚ್ಚಿದ ಎರಡು ಪುಟದ ವಿವರಣೆ. ಅವರು ನಿಂತೇ ಓದಿದರು, ಆಮೇಲೆ ಕೂತು ಇನ್ನೊಮ್ಮೆ ಓದಿದರು.

“ಇದನ್ನ ನಿಮಗೆ ಯಾರು ಹೇಳಿದ್ದು?”

“ಕುರಿ ಹೇಳ್ತು. ಸಂಶಯ ಇದ್ರೆ ಅವರ ಲಸಿಕೆ ಪುಸ್ತಕ ತರಿಸಿ ನೋಡಿ. ಸಾರ್, ಚೀಲದಲ್ಲಿ ಆ ಸಂಸ್ಥೆ ಕೈಪಿಡಿ ಇದೆಯಲ್ಲ, ದಿಂಬಿನಷ್ಟು ದಪ್ಪದ್ದು? ಎಣಿಸೋದು ಯಾವಾಗ ಅಂತ ಅದರಲ್ಲಿ ಏನಿದೆ, ಸ್ವಲ್ಪ ಜೋರಾಗಿ ಓದಿ. ನಂಗೆ ಕನ್ನಡಕ ಮಬ್ಬಾಗಿದೆ.”

ಅಧಿಕಾರಿ ಹುಡುಕಿ ಓದಿದರು. “‘ಸರಕು ಗಡಿಯನ್ನು ದಾಟಿದ ಕ್ಷಣದಲ್ಲಿ ಇದ್ದಷ್ಟೇ ಲೆಕ್ಕ.’”

“ಹೊಟ್ಟೇಲಿರೋ ಮರಿಗೆ ಅದರಲ್ಲಿ ಕೋಡ್ ಇದೆಯಾ?”

“ಇಲ್ಲ.”

“ಮತ್ತೆ? ನಮ್ಮಿಂದ ಹೋದದ್ದು ತಾಯಂದಿರು. ಮರಿಗಳು ಆ ದೇಶದಲ್ಲೇ ಕಣ್ಣು ಬಿಟ್ಟವು, ಆ ದೇಶದ್ದೇ ಪ್ರಜೆಗಳು. ಅವರು ಬೇಕಾದ್ರೆ ರೇಷನ್ ಕಾರ್ಡ್ ಕೊಡ್ಲಿ. ನಾನು ಯಾಕೆ ಸಹಿ ಹಾಕ್ಲಿ?”

ಅಧಿಕಾರಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅಮ್ಮ, ನೀವು ಹೇಳೋದು ಸರಿ ಇದೆ. ಆದ್ರೆ ನಿರ್ದೇಶಕರು ತಪ್ಪು ನಮ್ಮದೇ ಅಂತ ಹೇಳಿಬಿಟ್ಟಿದಾರೆ. ಈಗ ಅವರ ಮಾತು ಹೋಗತ್ತೆ.”

“ತಪ್ಪು ಎಣಿಸಿದ್ದು ನಿರ್ದೇಶಕರಾದ್ರೆ ಅವರೇ ಸಹಿ ಹಾಕ್ಲಿ. ನಾನು ಬೇಕಾದ್ರೆ ಸಾಕ್ಷಿ ಹಾಕ್ತೀನಿ.”

ಚೀಲದಿಂದ ಇನ್ನೊಂದು ಕಾಗದ ಬಂತು. ಟೈಪಾಗಿ, ಮೊಹರಾಗಿ, ಬೇಯಿಸಿಟ್ಟಂತೆ ಸಿದ್ಧವಾಗಿತ್ತು. ವಿಚಾರಣೆ ಮುಗಿಯುವವರೆಗೆ ಅಮಾನತು. ಗೇಟಿನ ಬೀಗದ ಕೈ ಮತ್ತು ರಿಜಿಸ್ಟರುಗಳನ್ನು ಒಪ್ಪಿಸಬೇಕು. ಲೆಕ್ಕದಮ್ಮ ಬೀಗದ ಕೈ ಕೊಟ್ಟಳು. ರಿಜಿಸ್ಟರು ಕೊಡುವಾಗ ಮಾತ್ರ ಅಧಿಕಾರಿಯನ್ನು ಕೂರಿಸಿ ಒಂದೊಂದೇ ಪುಟ ಎಣಿಸಿಸಿದಳು. ಅವರು ನೂರಾ ಎಂಬತ್ತರಲ್ಲಿ ತಪ್ಪಿದರು, ಮತ್ತೆ ಮೊದಲಿಂದ ಶುರು ಮಾಡಿಸಿದಳು. ಮೂರು ಗಂಟೆಯಾಯಿತು. ಹೊರಗೆ ಕಾಯುತ್ತಿದ್ದ ಜೀಪಿನ ಡ್ರೈವರಿಗೆ ಅಷ್ಟರಲ್ಲಿ ಗಡ್ಡ ಬೆಳೆಯಿತು. ಕೊನೆಗೆ ಸ್ವೀಕೃತಿಗೆ ಸಹಿ ಹಾಕಿಸಿಕೊಂಡು, ಖಾಕಿ ಕೋಟು ಮಡಚಿ ಚೀಲಕ್ಕೆ ತುರುಕಿ ಮನೆಗೆ ನಡೆದಳು. ಕೊಟ್ಟ ಸಹಿ ಒಂದೂ ಇಲ್ಲ, ತೆಗೆದುಕೊಂಡದ್ದು ಒಂದು.

ಎಣಿಸಿದವರ ಸಹಿಯಿಲ್ಲದೆ ತಿದ್ದುಪಡಿ ನಡೆಯುವಂತಿರಲಿಲ್ಲ. ರಾಜಧಾನಿಯವರು ಹಲ್ಲು ಕಚ್ಚಿಕೊಂಡು ಹಳೆಯ ಸಂಖ್ಯೆಯನ್ನೇ ಉಳಿಸಿದರು. ಸಹಿಯಿಲ್ಲದೆ ಸಂಸ್ಥೆಗೆ ವಾಪಸ್ಸಾದ ಫಾರಂ ಜೊತೆ ಆ ಎರಡು ಪುಟವೂ ಕಡಲು ದಾಟಿತು. ಗುಂಡುಸೂಜಿ ಕೀಳಲು ಅಧಿಕಾರಿ ಮರೆತರೋ, ಬೇಕೆಂದೇ ಬಿಟ್ಟರೋ, ಅವರು ಎಂದೂ ಬಾಯಿಬಿಡಲಿಲ್ಲ. ಸಭೆಯಲ್ಲಿ ಕೆಂಪಾಗಿ ಹೊಳೆದದ್ದು ಆಚೆ ದೇಶದ ಸಂಖ್ಯೆ.

ಮೂರು ತಿಂಗಳ ಮೇಲೆ ಅಧಿಕಾರಿ ಬಸ್ಸಿನಲ್ಲಿ ಬಂದು ಆಕೆಯ ಮನೆಯ ಕದ ತಟ್ಟಿದರು. ಕಂಕುಳಲ್ಲಿ ಸಂಸ್ಥೆಯ ವಾರ್ಷಿಕ ಪುಸ್ತಕ. ನಾನೂರ ಹದಿನಾರನೆಯ ಪುಟದಲ್ಲಿ ಕಳಿಸಿದ್ದು ನಾಲ್ಕು ಸಾವಿರದ ನೂರಾ ಇಪ್ಪತ್ತು, ಬಂದದ್ದು ನಾಲ್ಕು ಸಾವಿರದ ನೂರಾ ಇಪ್ಪತ್ತು. ಎರಡನೆಯದರ ತಲೆಯ ಮೇಲೆ ಒಂದು ಚುಕ್ಕಿ, ಪುಟದ ಕೆಳಗೆ ‘ಪರಿಷ್ಕೃತ’ ಎಂಬ ಒಂದೇ ಪದ. ಗಂಡ ಗಡಿಯಾರದ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಓದಿದ. ಮಂಚದ ಮೇಲಿನ ಅತ್ತೆ ಅಧಿಕಾರಿಯ ಮುಖವನ್ನೇ ದಿಟ್ಟಿಸುತ್ತಿದ್ದಳು.

“ಗೆದ್ದಿರಿ ಅಮ್ಮ,” ಎಂದ ಅಧಿಕಾರಿ ಜೇಬಿನಿಂದ ಮಡಚಿದ ಹಾಳೆ ತೆಗೆದರು. “ಇದೊಂದು ಸಣ್ಣ ಕ್ಷಮಾಪಣೆ ಪತ್ರ. ಮೇಲಧಿಕಾರಿಗಳ ಮಾತು ಮೀರಿದ್ದಕ್ಕೆ ಅಂತ. ಸಹಿ ಹಾಕಿದ್ರೆ ವಿಚಾರಣೆ ಮುಚ್ಚಿಹೋಗತ್ತೆ, ನಾಳೇನೇ ಗೇಟಿಗೆ ಬರಬಹುದು. ಇಲ್ದಿದ್ರೆ ನಿವೃತ್ತಿವರೆಗೂ ಎಳೀತಾರೆ.”

“ಎಷ್ಟು ಕುರಿ ತಪ್ಪಾಗಿದೆ ಅಂತ ಇದರಲ್ಲಿ ಬರೆದಿದೆ?”

“ಕುರಿ ವಿಷಯ ಇಲ್ಲ ಇದರಲ್ಲಿ.”

“ಮತ್ತೆ ಯಾವುದಕ್ಕೆ ಕ್ಷಮೆ?” ಆಕೆ ಹಾಳೆಯನ್ನು ಮಡಚಿ ಅವರ ಜೇಬಿಗೇ ತುರುಕಿದಳು. “ವಿಚಾರಣೆ ಮುಚ್ಚೋದು ಬೇಡ ಸಾರ್. ತೆಗೀರಿ. ರಾಜಧಾನೀಲೇ ನಡೀಲಿ. ನಿರ್ದೇಶಕರು ಎದುರಿಗೆ ಕೂತ್ಕೊಂಡು ಎಷ್ಟು ಕುರಿ ಅಂತ ಕೇಳ್ಲಿ, ನಾನು ಹೇಳ್ತೀನಿ. ಯಾವ ತಾರೀಕು?”

“ಇನ್ನೂ ನಿಗದಿಯಾಗಿಲ್ಲ.”

“ಹಾಗಾದ್ರೆ ಬೇಗ ನಿಗದಿ ಮಾಡಿಸಿ,” ಎಂದು ಲೆಕ್ಕದಮ್ಮ ಗಂಡನ ಕಡೆ ತಿರುಗಿದಳು. “ರೀ, ರಾಜಧಾನಿ ಬಸ್ಸು ಬೆಳಿಗ್ಗೆ ಎಷ್ಟು ಗಂಟೆಗೆ?”